ಕೆಂಪು ದಾರದ ಸೂಜಿಯಕ್ಕ

ಶೂ ಕಾರ್ಖಾನೆಯಲ್ಲಿ ಎಲ್ಲರೂ ಆಕೆಯನ್ನು ಸೂಜಿಯಕ್ಕ ಎನ್ನುತ್ತಿದ್ದರು. ಹತ್ತೊಂಬತ್ತು ವರ್ಷ ಶೂಗಳ ಮೇಲ್ಭಾಗ ಹೊಲಿದಿದ್ದಕ್ಕೆ ಆ ಹೆಸರು ಅರ್ಧ ಬಂತು, ಅವಳ ನಾಲಿಗೆಯಿಂದಾಗಿ ಇನ್ನರ್ಧ. ಕಣ್ಣು ಮಂಜಾದಾಗ ಸೂಪರ್‌ವೈಸರ್ ಅವಳನ್ನು ಮಷೀನಿನಿಂದ ಎಬ್ಬಿಸಿ ಹಿಂದಿನ ಕೋಣೆಗೆ ಕಳಿಸಿದ. ಅವನು ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ ಮಷೀನು ಕಲಿಸಿದವಳು ಅವಳೇ. ಆದರೂ ಕಳಿಸಿದ. ಕೈಗೊಂದು ಬ್ಲೇಡು ಕೊಟ್ಟು, "ಇಲ್ಲಿ ಕಣ್ಣಿಗೆ ಕೆಲಸ ಇಲ್ಲ ಅಕ್ಕಾ, ಕೊಯ್ದು ಎಸೆಯೋದಷ್ಟೇ" ಎಂದ.

ಆ ಕೋಣೆಗೆ ಬರುತ್ತಿದ್ದದ್ದು ತಪಾಸಣೆಯಲ್ಲಿ ಫೇಲಾದ ಹೊಸ ಶೂಗಳು. ಹರಿದವಲ್ಲ, ಸವೆದವಲ್ಲ. ಒಂದರಲ್ಲಿ ಅಂಟು ಕೂದಲೆಳೆಯಷ್ಟು ಹೊರಗೆ ಬಂದಿರುತ್ತಿತ್ತು, ಇನ್ನೊಂದರಲ್ಲಿ ಬಿಳಿ ಬಣ್ಣ ಕೆನೆಗೆ ತಿರುಗಿರುತ್ತಿತ್ತು. ಅಷ್ಟಕ್ಕೇ ಮರಣದಂಡನೆ. ಯಾರೂ ಹಾಕಿಕೊಳ್ಳಬಾರದು, ಎಲ್ಲೂ ಅಗ್ಗಕ್ಕೆ ಸಿಗಬಾರದು ಎಂದು ಪ್ರತಿಯೊಂದನ್ನೂ ಸೀಳಬೇಕು. ಸೀಳಿದ ಮೇಲೆ ಸೂಪರ್‌ವೈಸರ್ ಪುಸ್ತಕದಲ್ಲಿ "ನಾಶಪಡಿಸಲಾಗಿದೆ" ಎಂದು ಬರೆದು ಸಹಿ ಹಾಕಬೇಕು. ಅದೇ ಶೂಗಳ ಡಬ್ಬಿಯ ಮೇಲೆ ಮಾತ್ರ ಹಸಿರು ಎಲೆಯ ಚಿತ್ರ, ಅದರ ಕೆಳಗೆ "ಭೂಮಿಗೆ ಹಗುರವಾದ ಹೆಜ್ಜೆ" ಎಂಬ ಮಾತು. ಹಳೆಯ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಈ ಶೂಗಳ ಬಟ್ಟೆ ಮಾಡಿದ್ದಾರಂತೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ಮೊದಲ ದಿನ ಅವಳಿಂದ ಒಂದು ತಪ್ಪಾಯಿತು. ಬ್ಲೇಡು ಇಟ್ಟ ಕೂಡಲೇ ಕೈ ತಾನಾಗಿಯೇ ಹೊಲಿಗೆಯ ಗೆರೆ ಹಿಡಿದು ಹೋಯಿತು. ಅಷ್ಟು ವರ್ಷ ಆ ಗೆರೆಯ ಮೇಲೆ ಓಡಿದ ಕೈ, ಅದನ್ನು ಬಿಟ್ಟು ನಡುಬಟ್ಟೆ ಸೀಳಲು ಒಪ್ಪಲೇ ಇಲ್ಲ. ಸಂಜೆ ನೋಡಿದರೆ ದಾರ ಮಾತ್ರ ತುಂಡಾಗಿತ್ತು, ಬಟ್ಟೆಗೆ ಗಾಯವಿರಲಿಲ್ಲ. ಸೂಪರ್‌ವೈಸರ್ ಬಾಗಿಲಲ್ಲೇ ನಿಂತು ಬಾಯಿ ಬಿಟ್ಟುಕೊಂಡ ಶೂಗಳ ರಾಶಿ ನೋಡಿದ, ಸಹಿ ಹಾಕಿದ, ಹೋದ. ಎರಡನೆಯ ದಿನವೂ ಅವಳು ಹಾಗೆಯೇ ಕೊಯ್ದಳು. ಆವತ್ತಿನದು ತಪ್ಪಲ್ಲ.

ಸೀಳಿದ ಶೂಗಳು ಹೋಗುತ್ತಿದ್ದದ್ದು ಅವಳ ಬೀದಿಯ ಹಿಂದಿನ ಗುಂಡಿಗೆ. ವಾರಕ್ಕೆ ಮೂರು ಸಲ ಅಲ್ಲಿ ಬೆಂಕಿ. ರಬ್ಬರಿನ ಹೊಗೆ ಒಣಹಾಕಿದ ಬಟ್ಟೆಯ ಮೇಲೆ ಮಸಿಯಾಗಿ ಕೂರುತ್ತಿತ್ತು, ಮುಚ್ಚಿಟ್ಟ ಹಾಲನ್ನೂ ಬಿಡುತ್ತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿದ್ದವರು ಇಬ್ಬರೇ, ಅವಳು ಮತ್ತು ಎಪ್ಪತ್ತು ದಾಟಿದ ಅತ್ತೆ. ಬೆಂಕಿ ಬಿದ್ದ ದಿನ ಅತ್ತೆಗೆ ಕೆಮ್ಮು ಹತ್ತಿದರೆ ಕಣ್ಣಲ್ಲಿ ನೀರು ಬರುವವರೆಗೂ ನಿಲ್ಲುತ್ತಿರಲಿಲ್ಲ.

"ಅವು ಸುಡೋ ಅಂಥವಲ್ಲ ಅತ್ತೆ. ಹೊಲಿದ್ರೆ ಮತ್ತೆ ಹೊಸದೇ" ಎಂದಳು ಒಂದು ದಿನ, ಬೆನ್ನು ಸವರುತ್ತ.

ಮಾರನೆಯ ಬೆಳಿಗ್ಗೆ ಅತ್ತೆ ಊರುಗೋಲು, ಗೋಣಿಚೀಲ ಹಿಡಿದು ಗುಂಡಿಗೆ ಹೊರಟರು. ಸೊಸೆ ತಡೆದರೆ, "ಬೆಂಕಿ ಹಚ್ಚೋನು ಒಂಬತ್ತಕ್ಕೆ ಬರ್ತಾನೆ, ನಾನು ಐದಕ್ಕೇ ಏಳ್ತೀನಿ. ಮನೇಲಿ ಕೂತು ಕೆಮ್ಮೋದಕ್ಕಿಂತ ಇದು ವಾಸಿ" ಎಂದರು.

ಸೂಜಿಯಕ್ಕ ದಬ್ಬಣ ತೆಗೆದಳು. ಹಳೆಯ ತೂತುಗಳು ಇದ್ದಲ್ಲೇ ಇದ್ದವು, ಮಂಜುಗಣ್ಣಿಗೆ ಬೆರಳೇ ದಾರಿ ತೋರಿಸಿತು. ದಾರ ಮಾತ್ರ ಕೆಂಪು. ಬಿಳಿ ದಾರ ಹಾಕಿದ್ದರೆ ಒಂದು ನರಪಿಳ್ಳೆಗೂ ತಿಳಿಯುತ್ತಿರಲಿಲ್ಲ. ಆದರೆ ಮುಚ್ಚಿಟ್ಟು ಹೊಲಿಯಲು ತಾನೇನು ಕಳ್ಳಿಯೇ ಎಂಬ ಹಟ ಅವಳದು. ಮೊದಲ ಜೋಡಿ ಅತ್ತೆಯ ಕಾಲಿಗೆ ಹೋಯಿತು. ಆಮೇಲೆ ಬೀದಿ ಗುಡಿಸುವವಳಿಗೆ, ಪೇಪರ್ ಹಾಕುವವನಿಗೆ, ಎದುರುಮನೆಯ ಬಸುರಿಗೆ. ಆರು ತಿಂಗಳಲ್ಲಿ ಬೀದಿಯ ತುಂಬ ಕೆಂಪು ಹೊಲಿಗೆ ಓಡಾಡತೊಡಗಿತು. ಅತ್ತೆಯಂತೂ ಬೇಕೆಂದೇ ಕಾರ್ಖಾನೆಯ ಗೇಟಿನ ಮುಂದೆ ವಾಕಿಂಗ್ ಹೋಗುತ್ತಿದ್ದರು. ಕೊನೆಗೆ ಮ್ಯಾನೇಜರನ ಕಣ್ಣಿಗೆ ಬಿದ್ದದ್ದೂ ಅವರ ಕಾಲೇ.

ಅದೇ ಸಂಜೆ ಸೂಪರ್‌ವೈಸರ್ ಮನೆಗೆ ಓಡಿ ಬಂದ.

"ಅಕ್ಕಾ, ನಾಳೆ ಹೊರಗಿನ ತಪಾಸಣೆಯವರು ಬರ್ತಾರೆ. ಡಬ್ಬಿ ಮೇಲೆ ಆ ಹಸಿರು ಎಲೆ ಇರಬೇಕೋ ಬೇಡವೋ ಅಂತ ಹೇಳೋರು ಅವರೇ. ಫೇಲಾದ ಶೂ ಏನ್ಮಾಡ್ತೀರಿ ಅಂತ ಕೇಳಿದ್ರೆ, ಪುಡಿ ಮಾಡಿ ಮತ್ತೆ ಸೋಲ್ ಮಾಡ್ತೀವಿ ಅನ್ನು. ಬೀದೀಲಿರೋ ಶೂಗಳನ್ನೆಲ್ಲ ಈಗಲೇ ವಾಪಸ್ ತಗೊಂಡು ಅಡ್ಡಡ್ಡ ಕೊಯ್ದು ಹಾಕು. ಇಲ್ಲಾಂದ್ರೆ ನಿನ್ನ ಕೆಲಸ ಹೋಯ್ತು ಅಂತಲೇ ತಿಳ್ಕೋ."

ಆ ಸಂಬಳ ಬಿಟ್ಟರೆ ಮನೆಗೆ ಬೇರೆ ಗತಿಯಿರಲಿಲ್ಲ. ಸೂಜಿಯಕ್ಕನಿಗೆ ಭಯವಾಯಿತು, ಭಯಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಅವಳು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ತಮ್ಮ ಶೂ ಬಿಚ್ಚಿ ಅವನ ಮುಂದಿಟ್ಟರು. ಅಡುಗೆಮನೆಯಿಂದ ಚಾಕು ತಂದು ಅದರ ಪಕ್ಕದಲ್ಲಿಟ್ಟರು.

"ತಗೊಳ್ಳಪ್ಪ. ಅವಳು ಯಾಕೆ, ನೀನೇ ಕೊಯ್ಯಿ. ನಾನು ನೋಡ್ತೀನಿ."

ಅವನೂ ಹೊಲಿಗೆಯಿಂದಲೇ ಮೇಲೆ ಬಂದವನು. ಕೈ ಏಳಲಿಲ್ಲ. ಚಾಕುವನ್ನು ಅಲ್ಲೇ ಬಿಟ್ಟು ತಲೆ ತಗ್ಗಿಸಿ ಹೋದ.

ಮಾರನೆಯ ದಿನ ಸೂಜಿಯಕ್ಕ ಕೆಂಪು ಹೊಲಿಗೆಯ ಶೂ ಹಾಕಿಕೊಂಡೇ ಕೆಲಸಕ್ಕೆ ಹೋದಳು. ಮಧ್ಯಾಹ್ನ ತಪಾಸಣೆಯವರು ಆ ಹಿಂದಿನ ಕೋಣೆಗೂ ಬಂದರು. ಅವರಲ್ಲೊಬ್ಬ ಹೆಂಗಸು ಕೇಳಿದಳು, "ಇಲ್ಲಿಂದ ಈ ಶೂಗಳು ಎಲ್ಲಿಗೆ ಹೋಗುತ್ತವೆ?"

ಪಕ್ಕದಲ್ಲೇ ಮ್ಯಾನೇಜರ್ ನಿಂತಿದ್ದ. ಸೂಜಿಯಕ್ಕ ಬಲಗಾಲೆತ್ತಿ ಮೇಜಿನ ಮೇಲಿಟ್ಟಳು.

"ಕೆಲವು ಇಲ್ಲಿಗೆ. ಮಿಕ್ಕಿದ್ದೆಲ್ಲ ನಮ್ಮ ಬೀದಿ ಹಿಂದಿನ ಬೆಂಕಿಗೆ. ದಾರಿ ಯಾರನ್ನೂ ಕೇಳೋದು ಬೇಡ, ಹೊಗೆ ನೋಡ್ಕೊಂಡು ನಡೀರಿ."

"ಇವಳು ಕಳ್ಳಿ. ಅದು ಕಂಪನಿ ಮಾಲು" ಎಂದ ಮ್ಯಾನೇಜರ್.

"ಹಾಗಾದ್ರೆ ಪುಸ್ತಕ ತರಿಸಿ. ಒಂದೊಂದು ಜೋಡಿ ಮುಂದೆನೂ ನಾಶ ಆಗಿದೆ ಅಂತ ಸಹಿ ಇದೆ. ಪುಸ್ತಕ ನಿಜ ಆದ್ರೆ ಈ ಶೂ ಇಲ್ಲವೇ ಇಲ್ಲ, ಇಲ್ಲದ್ದನ್ನ ನಾನು ಹೇಗೆ ಕದೀಲಿ? ನಾನು ಕಳ್ಳಿ ಆದ್ರೆ ನಿಮ್ಮ ಪುಸ್ತಕ ಸುಳ್ಳು. ಯಾವುದು ಅಂತ ಇವರ ಮುಂದೆನೇ ಹೇಳಿಬಿಡಿ ಸಾರ್."

ಬಾಯಿಗೆ ಬಿಸಿ ತುಪ್ಪ ಬಿದ್ದಂತಾಯಿತು ಅವನಿಗೆ, ನುಂಗಲೂ ಆಗದು, ಉಗುಳಲೂ ಆಗದು. ಊಟದ ಹೊತ್ತಾಯಿತು ಎಂದ. ಆ ಹೆಂಗಸು ಮಾತ್ರ ಬಗ್ಗಿ ಕೆಂಪು ಹೊಲಿಗೆಯ ಮೇಲೆ ಬೆರಳಾಡಿಸಿದಳು, ಏನೋ ಬರೆದುಕೊಂಡಳು, ಊಟ ಆಮೇಲೆ ಎಂದು ಗುಂಡಿಯ ಕಡೆ ಹೊರಟಳು.

ಸಂಜೆಗೆ ಸೂಜಿಯಕ್ಕನ ಕೆಲಸ ಹೋಯಿತು. ಗೇಟಿನಲ್ಲಿ ಮ್ಯಾನೇಜರ್ ತಡೆದು, "ಶೂ ಬಿಚ್ಚಿಟ್ಟು ಹೋಗು" ಎಂದ.

"ಯಾವ ಶೂ ಸಾರ್?" ಎಂದು ಕೇಳಿ, ಹಾಕಿಕೊಂಡೇ ಮನೆಗೆ ನಡೆದಳು.

ತಪಾಸಣೆಯವರು ನೋಡಿ ಹೋದ ಮೇಲೆ ಗುಂಡಿಯ ಬೆಂಕಿ ವಾರಕ್ಕೆ ಮೂರಿದ್ದದ್ದು ಒಂದಕ್ಕೆ ಇಳಿಯಿತು. ಪೂರ್ತಿ ನಿಂತಿತು ಎಂದರೆ ಸುಳ್ಳಾಗುತ್ತದೆ. ಅವಳು ಮನೆಯ ಬಾಗಿಲಲ್ಲೇ ಕೂತು ಬೀದಿಯವರ ಹರಿದ ಬ್ಯಾಗು, ಚಪ್ಪಲಿ ಹೊಲಿಯತೊಡಗಿದಳು. ಹೇಗೋ ಹೊಟ್ಟೆ ತುಂಬುತ್ತಿತ್ತು, ಮೊದಲಿನ ಹಾಗಲ್ಲ.

ಎರಡು ತಿಂಗಳಾದ ಮೇಲೆ ಸೂಪರ್‌ವೈಸರ್ ಬಂದು ಮೆಟ್ಟಿಲ ಮೇಲೆ ಕೂತ. ಅವಳು ಚಪ್ಪಲಿ ಹೊಲಿಯುತ್ತಿದ್ದಳು.

"ನಿನ್ನ ಜಾಗಕ್ಕೆ ಹೊಲಿಗೆ ಲೈನಿನವಳನ್ನೇ ಹಾಕಿದೀವಿ ಅಕ್ಕಾ. ನೀನು ಕಲಿಸಿದವಳೇ."

"ಹೇಗೆ ಕೊಯ್ತಾಳೆ?"

"ಗೆರೆ ಮೇಲೆ."

ಸೂಜಿಯಕ್ಕ ತಲೆಯೆತ್ತಿದಳು. "ನೀನೇನು ಮಾಡ್ದೆ?"

"ಹತ್ತಿರ ಹೋಗಿ ನೋಡ್ದೆ. ಆಮೇಲೆ ಸಹಿ ಹಾಕ್ದೆ."

ಒಳಗಡೆ ಅತ್ತೆ ಎದ್ದು ಗೋಣಿಚೀಲ ಕೊಡವುವ ಸದ್ದು ಕೇಳಿಸಿತು.