ಹುಳ ಜ್ವರಕ್ಕೆ ಕೂತಾಗ ಆಡಿದ ಜಗಳ

ಎಂಬತ್ತರ ದಶಕದ ಆ ದಿನಗಳಲ್ಲಿ, ಟೇಕಲ್ ಹತ್ತಿರದ ನಮ್ಮ ಮನೆಯಲ್ಲಿ ಮೆಲ್ಲಗೆ ಮಾತನಾಡುವ ಅಭ್ಯಾಸ ಯಾರಿಗೂ ಇರಲಿಲ್ಲ. ಉಪ್ಪು ಕೇಳುವುದೂ ಜಗಳದ ಧಾಟಿಯಲ್ಲೇ. ನನ್ನ ಅತ್ತೆ ಆಂಧ್ರದ ಗಡಿಯ ರಾಯಲ್ಪಾಡಿನ ಕಡೆಯವರು; ಸಿಟ್ಟು ಬಂದರೆ ತೆಲುಗಿಗೆ ಇಳಿಯುತ್ತಿದ್ದರು, ಅದು ರೈಲ್ವೆ ಸ್ಟೇಷನ್ನಿನವರೆಗೂ ಕೇಳಿಸುತ್ತಿತ್ತು. ನನ್ನ ಬಾಯೇನು ಕಮ್ಮಿಯೇ? ಬೆಳಿಗ್ಗೆ ಒಂದು ಸುತ್ತು ಕೂಗಾಡಿದೆವೆಂದರೆ ಮಧ್ಯಾಹ್ನದವರೆಗೂ ಇಬ್ಬರೂ ಮುಖ ಗಂಟು ಹಾಕಿಕೊಂಡೇ ಇರುತ್ತಿದ್ದೆವು. ಯಾತಕ್ಕೆ ಕೂಗಾಡಿದೆವೆಂಬುದು ಮಾತ್ರ ಇಬ್ಬರಿಗೂ ನೆನಪಿರುತ್ತಿರಲಿಲ್ಲ.

ಇದಕ್ಕೆಲ್ಲ ರಜೆ ಸಿಗುತ್ತಿದ್ದುದು ರೇಷ್ಮೆ ಹುಳಕ್ಕೆ ಜ್ವರ ಬಂದಾಗ. ಹುಳ ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನುವುದು ನಿಲ್ಲಿಸಿ, ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತದೆ. ಅದನ್ನೇ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಅಂಥವು ನಾಲ್ಕು. ನಾಲ್ಕನೆಯದು ದೊಡ್ಡದು, ಒಂದು ದಿನ ದಾಟುತ್ತದೆ. ಆಗ ಮನೆಯಲ್ಲಿ ಯಾರಾದರೂ ದನಿ ಎತ್ತಿದರೆ ಬೆಳೆ ಹಾಳು ಎಂದು ಮಾವನವರು ನಂಬಿದ್ದರು. ಸೀನು ಬಂದರೆ ಮೂಗು ಹಿಡಿದುಕೊಂಡು ಹೊಲದ ಕಡೆ ಓಡುತ್ತಿದ್ದರು.

ಅಂಥ ನಾಲ್ಕನೇ ಜ್ವರದ ದಿನವೇ ಮಾಲೂರಿನ ಒಂದು ಕಚೇರಿಯಿಂದ ನನಗೆ ಕಾಗದ ಬಂತು. ಟೈಪಿಸ್ಟ್ ಕೆಲಸ. ಮಾರನೆಯ ಬೆಳಿಗ್ಗೆಯೇ ಹಾಜರಾಗಬೇಕು, ಇಲ್ಲದಿದ್ದರೆ ಬೇರೆಯವರಿಗೆ. ಮದುವೆಗೆ ಮುಂಚೆ ಕಲಿತ ಟೈಪಿಂಗು ಮರೆತೇ ಹೋಗುತ್ತದೆಂದು ಒಳಗೊಳಗೇ ಹೆದರಿದ್ದ ನಾನು ಕಾಗದವನ್ನು ಎರಡೆರಡು ಸಲ ಓದಿಕೊಂಡೆ. ಯಜಮಾನರು ಅಮ್ಮನ್ನ ಕೇಳು ಎಂದು ಸೈಕಲ್ ಹತ್ತಿದರು. ಅತ್ತೆ ಒಪ್ಪದೆ ಆ ಮನೆಯ ಬೆಕ್ಕೂ ಹೊಸಿಲು ದಾಟುತ್ತಿರಲಿಲ್ಲ.

ಒಲೆಯ ಮುಂದಿದ್ದ ಅವರ ಕಿವಿಯ ಹತ್ತಿರ ಹೋಗಿ ಪಿಸುಗುಟ್ಟಿದೆ.

"ನಾಳೆಯಿಂದ ಕೆಲಸಕ್ಕೆ ಹೋಗ್ತೀನಿ ಅತ್ತೆ."

ಅವರ ಕಣ್ಣು ಕೆಂಪಗಾಯಿತು, ಕುತ್ತಿಗೆಯ ನರ ಉಬ್ಬಿತು, ಬಾಯಿ ತೆರೆಯಿತು. ಹುಳದ ತಟ್ಟೆಗಳ ಪಕ್ಕದಿಂದ ಮಾವನವರು ಎರಡೂ ಕೈ ಮುಗಿದರು. "ವದ್ದಂಟೇ ವದ್ದು" ಎಂದರು ಅತ್ತೆ, ಪಿಸುದನಿಯಲ್ಲಿ. ಬೇಡ ಅಂದ್ರೆ ಬೇಡ ಎಂಬ ಆ ಮಾತು ಮಗು ಮಲಗಿಸುವ ಹಾಗೆ ಕೇಳಿಸಿ ಅವರಿಗೇ ನಾಚಿಕೆಯಾಯಿತು. ಮುದ್ದೆ ಕೋಲು ಎತ್ತಿದರು, ಅದನ್ನೂ ಸದ್ದಾಗದಂತೆ ಇಳಿಸಿದರು. ನಾನು ರೋಷಕ್ಕೆ ಚೊಂಬು ಕುಕ್ಕಿದೆ, ಗೋಣಿಚೀಲದ ಮೇಲೆ. ಸಂಜೆಯವರೆಗೂ ಹೀಗೇ. ಮನೆ ಯಾರು ನೋಡುತ್ತಾರೆ ಎಂದು ಅವರು, ಸೊಪ್ಪು ಕೊಯ್ದಿಟ್ಟೇ ರೈಲು ಹತ್ತುತ್ತೇನೆ ಎಂದು ನಾನು. ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದ ಪಕ್ಕದ ಮನೆಯಾಕೆ, ಅತ್ತೆ ಸೊಸೆ ತಲೆಗೆ ತಲೆ ಕೊಟ್ಟು ಗುಟ್ಟಾಡುವುದನ್ನು ಕಂಡು, ಇದ್ದರೆ ನಿಮ್ಮ ಹಾಗಿರಬೇಕು ಎಂದು ಮೆಚ್ಚಿಕೊಂಡು ಹೋದಳು.

ಪಿಸುದನಿಯಲ್ಲಿ ಇಬ್ಬರೂ ಒಟ್ಟಿಗೆ ಮಾತಾಡಿದರೆ ಏನೂ ಕೇಳಿಸುವುದಿಲ್ಲ. ಹಾಗಾಗಿ ಒಬ್ಬರದು ಮುಗಿಯಲೆಂದು ಇನ್ನೊಬ್ಬರು ಕಾದೆವು. ನೋಡಿದರೆ ಅವರು ಹೇಳಿದ್ದರಲ್ಲಿ ಅರ್ಧ ಸರಿಯಾಗಿಯೇ ಇತ್ತು. ನನ್ನ ಸಿಟ್ಟು ಯಾವಾಗಲೋ ಇಳಿದು ಬರೀ ಹಟ ಉಳಿಯಿತು.

ಬೆಳಿಗ್ಗೆ ಹುಳ ಇನ್ನೂ ಜ್ವರದಿಂದ ಎದ್ದಿರಲಿಲ್ಲ. ಸೀರೆ ಉಟ್ಟು ಬಾಗಿಲಿಗೆ ಬಂದರೆ ಅತ್ತೆ ಅಡ್ಡ ನಿಂತಿದ್ದಾರೆ. ಈಗ ಕೂಗಿಬಿಡುತ್ತಾರೆ, ಎಲ್ಲ ಮುಗಿಯಿತು ಅಂದುಕೊಂಡೆ. ಅವರು ಬುತ್ತಿಯ ಗಂಟು ನನ್ನ ಕೈಗಿಟ್ಟು ಕಿವಿಯ ಹತ್ತಿರ ಬಗ್ಗಿದರು.

"ಹೊಲಿಗೆ ಕಲಿಯಕ್ಕೆ ಹೋಗ್ತೀನಿ ಅಂತ ನಾನೂ ಒಂದ್ಸಲ ನಮ್ಮತ್ತೇನ ಕೇಳಿದ್ದೆ. ಆವತ್ತು ಹುಳ ಎದ್ದಿದ್ವು ಕಣೇ."