ಕಡಬದ ಸೊನ್ನೆ

ಹೋದ ವರ್ಷದ ಮೇ ತಿಂಗಳನ್ನು ನೆನೆದರೆ ಈಗಲೂ ನನಗೆ ನನ್ನ ಮೇಲೆಯೇ ಸಿಟ್ಟು ಬರುತ್ತದೆ.

ನಾವು ಕೆಲವರು ಮಳೆ ಅಳೆಯುವ ಹುಚ್ಚಿನವರು. ಪುತ್ತೂರಿನಲ್ಲಿ ನಾನು, ಅರಂತೋಡು, ಸುಬ್ರಹ್ಮಣ್ಯ, ಈಶ್ವರಮಂಗಲದ ಕಡೆ ಉಳಿದವರು. ಅಂಗಳದಲ್ಲೊಂದು ಮಳೆಮಾಪಕ ಇಟ್ಟುಕೊಂಡು, ಮಳೆ ಬಂದ ಮರುದಿನ ಬೆಳಿಗ್ಗೆ ಎಂಟಕ್ಕೆ ಅಳತೆಯನ್ನು ವಾಟ್ಸಾಪ್ ಗುಂಪಿಗೆ ಹಾಕುತ್ತೇವೆ. ಕಡಬದ ಆಚೆ ರಬ್ಬರ್ ತೋಟಗಳ ನಡುವೆ ಇದ್ದ ಹಿರಿಯರೊಬ್ಬರು ಮಾತ್ರ ಮಳೆಯಿಲ್ಲದ ದಿನವೂ ತಪ್ಪದೆ ‘ಕಡಬ, ಸೊನ್ನೆ’ ಎಂದು ಹಾಕುತ್ತಿದ್ದರು. ಅವರ ಮುಖ ನಾನು ನೋಡಿರಲಿಲ್ಲ.

ಆ ಮೇ ತಿಂಗಳ ಮೊದಲೆರಡು ವಾರ ಸೆಕೆ ಜೀವ ಹಿಂಡಿತು. ಸಂಜೆಯಾದರೆ ಘಟ್ಟದ ಮೇಲೆ ಮೋಡ ಕಟ್ಟುವುದು, ಗುಡುಗುವುದು, ಹನಿ ಬೀಳದೆ ಚದುರುವುದು. ಬಾವಿಯ ಪಂಪು ಹತ್ತು ನಿಮಿಷಕ್ಕೆ ಗಾಳಿ ಎಳೆಯುತ್ತಿತ್ತು. ಅಂಥ ಒಂದು ಬೆಳಿಗ್ಗೆ ಫೋನು ಟಣ್ ಎಂದಿತು. ಎಲ್ಲಾದರೂ ಮಳೆಯಾಯಿತೇ ಎಂದು ಓಡಿ ನೋಡಿದರೆ, ಕಡಬ, ಸೊನ್ನೆ. ಪಿತ್ತ ನೆತ್ತಿಗೇರಿತು.

‘ಮಳೆ ಬಂದ್ರೆ ಮಾತ್ರ ಹಾಕಿ ಮಾರಾಯ್ರೆ. ಸೊನ್ನೆ ನಮ್ಮಲ್ಲಿಯೂ ಬೇಕಾದಷ್ಟು ಉಂಟು’ ಎಂದು ಬರೆದೆ. ನಾಲ್ಕಾರು ಮಂದಿ ನಗುವ ಮುಖ ಹಾಕಿದರು. ಹಿರಿಯರು ‘ಆಯ್ತು’ ಎಂದರು. ಮರುದಿನದಿಂದ ಸೊನ್ನೆ ನಿಂತಿತು. ನನಗೆ ಖುಷಿಯೇ ಆಯಿತು.

ತಿಂಗಳ ಕೊನೆಗೆ ಒಂದು ಮಧ್ಯಾಹ್ನ ಕತ್ತಲು ಕವಿದು ಮಳೆ ಹೊಡೆಯಿತು. ಮರುದಿನ ಎಲ್ಲ ಕಡೆಯ ಅಳತೆ ಬಂತು, ಕಡಬದ್ದು ಬರಲಿಲ್ಲ. ಮಳೆ ಬಿಡದೆ ಸುರಿದರೂ ಮೂರು ದಿನ ಸುದ್ದಿಯಿಲ್ಲ. ಮುನಿಸಿಕೊಂಡಿರಬೇಕು ಎಂದುಕೊಂಡೆ. ಫೋನು ಸ್ವಿಚ್ ಆಫ್. ಸಮಾಧಾನ ಮಾಡಿ ಬರೋಣವೆಂದು ದಾರಿ ವಿಚಾರಿಸಿಕೊಂಡು ಹೋದೆ.

ಮನೆಗೆ ಬೀಗ ಹಾಕಿತ್ತು. ಅಂಗಳದ ಮಳೆಮಾಪಕ ತುಂಬಿ ಚೆಲ್ಲುತ್ತಿತ್ತು. ಪಕ್ಕದ ಮನೆಯ ಹೆಂಗಸು ಕೊಡೆ ಹಿಡಿದು ಬಂದರು. ಹಿರಿಯರು ಒಬ್ಬರೇ ಇದ್ದವರಂತೆ. ಈಕೆ ತವರಿಗೆ ಹೋಗಿದ್ದಾಗ ಬಚ್ಚಲಲ್ಲಿ ಜಾರಿ ಬಿದ್ದು, ಎರಡು ದಿನ ಅಲ್ಲೇ ಬಿದ್ದುಕೊಂಡಿದ್ದರಂತೆ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಜೀವ ಹೋಗಿತ್ತು. ಅದು ಮಳೆ ಬರುವುದಕ್ಕೆ ಒಂದು ವಾರ ಮೊದಲು.

‘ನೀವು ಎಲ್ಲಿಯವರು?’ ಎಂದು ಕೇಳಿದರು.

ಮಳೆ ಗುಂಪಿನವನು ಎಂದೆ.

‘ಹೌದಾ? ನಾನು ಒಬ್ಬನೇ ಇರುದು, ಒಂದು ದಿವಸ ಸೊನ್ನೆ ಕಾಣದಿದ್ರೆ ಗುಂಪಿನವರು ವಿಚಾರಿಸ್ತಾರೆ ಅಂತ ಹೇಳ್ತಿದ್ರು. ಎಂತ, ನೀವು ಯಾರೂ ವಿಚಾರಿಸ್ಲೇ ಇಲ್ವಾ?’



‘ಗೊತ್ತಾಗ್ಲಿಲ್ಲ’ ಎಂದೆ.