ಕೈತೂಕಕ್ಕೆ ಸಿಗದ ಪವರ್ ಸಪ್ಲೈ

ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು. ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಟ್ರಾನ್ಸ್‌ಫಾರ್ಮರ್ ಸುತ್ತುವುದನ್ನು ಕಲಿತು, ಈಗ ಅಲ್ಲೇ ಸ್ವಂತ ಶೆಡ್ ನಡೆಸುತ್ತಿದ್ದೇನೆ. ನಾನು ಮಾಡಿಕೊಟ್ಟ ಸ್ಟೆಬಿಲೈಸರ್ ಸುಟ್ಟು ವಾಪಸ್ ಬಂದಿದ್ದು ಬಹಳ ಅಪರೂಪ. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ನಮ್ಮ ಕಸುಬಿನಲ್ಲಿ ಒಳ್ಳೆಯ ಮಾಲು ಯಾವುದೆಂದು ಕೈಯೇ ಹೇಳುತ್ತದೆ. ಎತ್ತಿದಾಗ ಭಾರ ಇದ್ದರೆ ಒಳಗೆ ತಾಮ್ರ ಸರಿಯಾಗಿ ತುಂಬಿದ್ದಾರೆ. ಹಗುರ ಇದ್ದರೆ ಎಲ್ಲೋ ಕದ್ದಿದ್ದಾರೆ.

ನನ್ನ ಮಗಳು ಸುಂಕದಕಟ್ಟೆಯ ನಮ್ಮ ಮನೆಯಲ್ಲೇ ಕೂತು, ಇಂಟೀರಿಯರ್ ಮಾಡಿಸುವವರಿಗೆ ಕಂಪ್ಯೂಟರಿನಲ್ಲಿ ಚಿತ್ರ ಮಾಡಿಕೊಡುತ್ತಾಳೆ. ಇನ್ನೂ ಕಟ್ಟದ ಅಡುಗೆಮನೆ ಕಟ್ಟಿಯೇ ಆಗಿದೆ ಎನ್ನುವಂತೆ, ಸಿಂಕಿನ ಮೇಲೆ ಬಿದ್ದ ಕಿಟಕಿಯ ಬೆಳಕೂ ಸೇರಿ ಕಾಣಬೇಕು. ಅದಕ್ಕೆ ತಕ್ಕ ಕಂಪ್ಯೂಟರನ್ನು ಬಿಡಿಭಾಗ ತಂದು ಅವಳೇ ಜೋಡಿಸಿಕೊಂಡಳು. ಮನೆಯ ಕರೆಂಟನ್ನು ಕಂಪ್ಯೂಟರಿಗೆ ತಕ್ಕಂತೆ ಇಳಿಸಿ ಕೊಡುವ ಡಬ್ಬಿ, ಪವರ್ ಸಪ್ಲೈ, ಅದೊಂದನ್ನು ಮಾತ್ರ ನಾನು ತಂದೆ. ಕರೆಂಟಿನ ವಿಷಯವಲ್ಲವೇ! ಅಂಗಡಿಯಲ್ಲಿದ್ದವನ್ನೆಲ್ಲ ಎತ್ತಿ ನೋಡಿ, ಎಲ್ಲಕ್ಕಿಂತ ಭಾರದ್ದನ್ನು ಆರಿಸಿದ್ದೆ.

ಸಣ್ಣಪುಟ್ಟ ಕೆಲಸಕ್ಕೆ ಕಂಪ್ಯೂಟರ್ ಚೆನ್ನಾಗಿಯೇ ಓಡುತ್ತಿತ್ತು. ಕೊನೆಯ ಚಿತ್ರ ತಯಾರಾಗುವಾಗ ಮಾತ್ರ ಅರ್ಧಕ್ಕೆ ಆಫ್. ಹೀಗಾಗಿ ಒಬ್ಬ ಗಿರಾಕಿ ಕೈಬಿಟ್ಟು ಹೋಗಿದ್ದರು. ಈಗ ವಿಜಯನಗರದ ಒಬ್ಬ ಹೆಂಗಸು, ಭಾನುವಾರದೊಳಗೆ ಚಿತ್ರ ಬರದಿದ್ದರೆ ಬೇರೆಯವರ ಹತ್ತಿರ ಮಾಡಿಸುತ್ತೇನೆ ಎಂದಿದ್ದರು. ಮಗಳ ಮುಖ ಸಣ್ಣದಾಗಿತ್ತು.

“ಅಪ್ಪಾ, ಸಪ್ಲೈ ತಾಳ್ತಾ ಇಲ್ಲ ಅನ್ಸುತ್ತೆ.”

“ಅದೊಂದು ಬಿಟ್ಟು ಬೇರೆ ಏನಾದ್ರೂ ಹೇಳು. ಕೈಲಿ ಎತ್ತಿ ನೋಡಿ ತಂದಿರೋದು ಕಣಮ್ಮ ಅದು.”

ಒಳಗಿನಿಂದ ನನ್ನ ಹೆಂಡತಿ ಕೂಗಿದಳು: “ಕಲ್ಲಂಗಡಿ ತಂದಂಗೆ ತಂದವ್ರೆ ನಿಮ್ಮಪ್ಪ. ತಟ್ಟಿ ನೋಡಿದ್ರಾ ಕೇಳು!”

ಮಗಳು ನಗಲಿಲ್ಲ, ವಾದಕ್ಕೂ ನಿಲ್ಲಲಿಲ್ಲ. “ಹಾಗಾದ್ರೆ ನೀನೇ ಬಿಚ್ಚಿ ನೋಡು,” ಎಂದಳು.

ವೈರು ಕಿತ್ತು, ಒಳಗೆ ಉಳಿದ ಕರೆಂಟು ಇಳಿಯಲೆಂದು ಬಿಟ್ಟು, ಮರುದಿನ ಸಂಜೆ ಶೆಡ್ಡಿನಲ್ಲಿ ಅವಳ ಎದುರಿಗೇ ಬಿಚ್ಚಿದೆ. ನಿಂಬೆಹಣ್ಣಿನಷ್ಟು ಟ್ರಾನ್ಸ್‌ಫಾರ್ಮರ್, ದಾರದಂಥ ವೈರುಗಳು. ತಳದಲ್ಲಿ ಒಂದು ಕಬ್ಬಿಣದ ತುಂಡನ್ನು ಸ್ಕ್ರೂ ಹಾಕಿ ಕೂರಿಸಿದ್ದರು. ಅದಕ್ಕೂ ಯಾವ ವೈರಿಗೂ ಸಂಬಂಧವಿಲ್ಲ. ಕಣ್ಣಿಗೆ ಮೋಸ ಮಾಡುವವರನ್ನು ಬೇಕಾದಷ್ಟು ನೋಡಿದ್ದೇನೆ. ಯಾರೋ ಒಬ್ಬ ನನ್ನಂಥವನ ಕೈಯನ್ನು ನೆನೆಸಿಕೊಂಡು, ಅದಕ್ಕೆಂದೇ ಕಬ್ಬಿಣ ಇಟ್ಟಿದ್ದನ್ನು ನೋಡಿದ್ದು ಅದೇ ಮೊದಲು.

ಮಗಳು ಡಬ್ಬಿಯ ಬದಿಯ ಲೇಬಲ್ಲನ್ನು ನನ್ನ ಕಡೆ ತಿರುಗಿಸಿದಳು. “ಮೇಲೆ ದೊಡ್ಡದಾಗಿ ಬರ್ದಿರೋ ವ್ಯಾಟು ಬಿಡಪ್ಪ. ಇಲ್ಲಿ ನೋಡು, ಹನ್ನೆರಡು ವೋಲ್ಟಿನ ಲೈನು. ಗ್ರಾಫಿಕ್ಸ್ ಕಾರ್ಡು, ಪ್ರೊಸೆಸರ್ರು ಎರಡೂ ಊಟ ಮಾಡೋದು ಇಲ್ಲೇ. ಇಲ್ಲಿ ಎಷ್ಟು ಆಂಪ್ಸ್ ಕೊಟ್ಟಿದಾರೆ?”

ವೋಲ್ಟನ್ನು ಆಂಪ್ಸ್‌ನಿಂದ ಗುಣಿಸುವುದು ನನಗೆ ಮೀಸೆ ಬರುವ ಮೊದಲೇ ಗೊತ್ತು. ಗುಣಿಸಿದೆ. ಮೇಲೆ ಬರೆದದ್ದರ ಅರ್ಧವೂ ಬರಲಿಲ್ಲ.

ಎಷ್ಟು ಬೇಕೆಂದು ಅವಳು ಆಗಲೇ ಲೆಕ್ಕ ಹಾಕಿದ್ದಳು. ನಾನು ಬಿಡಲಿಲ್ಲ. “ಮೋಟರು ಸ್ಟಾರ್ಟ್ ಆಗೋವಾಗ ಜಾಸ್ತಿ ಎಳೆಯುತ್ತಲ್ಲ, ಇದ್ರಲ್ಲೂ ಹಾಗೇನಾ?”

“ಹೂಂ ಅಪ್ಪಾ, ಕಾರ್ಡು ಮಧ್ಯಮಧ್ಯ ಒಂದೊಂದು ಕ್ಷಣ ಹಾಗೇ ಎಳೆಯುತ್ತೆ. ಅದಕ್ಕೂ ಜಾಗ ಬಿಟ್ಟೇ ಲೆಕ್ಕ ಹಾಕಿರೋದು.”

ಇದನ್ನು ನಾನು ಕಲಿಯುವಷ್ಟರಲ್ಲಿ ಎಷ್ಟೋ ಫ್ಯೂಸು ಸುಟ್ಟಿದ್ದೆ, ಮೇಸ್ತ್ರಿಯ ಕೈಲಿ ಬೈಸಿಕೊಂಡಿದ್ದೆ. ಇವಳು ಮುಖ ನೋಡದ ಯಾರ್‍ಯಾರನ್ನೋ ಇಂಟರ್ನೆಟ್ಟಿನಲ್ಲಿ ಕೇಳಿ ಕೇಳಿ, ನಾಚಿಕೆಪಡದೆ ಕಲಿತಿದ್ದಳು. ಹಾಗೆ ಕೇಳುವ ಧೈರ್ಯ ಆ ವಯಸ್ಸಿನಲ್ಲಿ ನನಗಿರಲಿಲ್ಲ.

ಈ ಸಲ ಅಂಗಡಿಗೆ ಇಬ್ಬರೂ ಹೋದೆವು. ಲೇಬಲ್ ಓದಿ ಅವಳು ಆರಿಸಿದ್ದು ಹಳೆಯದಕ್ಕಿಂತ ಹಗುರವಾಗಿತ್ತು. ಅಂಗಡಿಯವನು ಇನ್ನೊಂದನ್ನು ಮುಂದಿಟ್ಟ. “ಮೇಡಂ, ಸಾವಿರ ವ್ಯಾಟಿಂದು ತಗೊಳ್ಳಿ. ಯೋಚ್ನೇನೇ ಇರಲ್ಲ.”

“ಯೋಚ್ನೆ ಮಾಡ್ಕೊಂಡೇ ಬಂದಿದೀನಿ ಅಣ್ಣ. ಇದೇ ಸಾಕು.”

ಅವನು ನನ್ನ ಕಡೆ ತಿರುಗಿದ. “ನೀವಾದ್ರೂ ಹೇಳಿ ಸಾರ್.”

“ನನ್ನನ್ನ ಕೇಳ್ಬೇಡಿ. ಅವಳು ಹೇಳಿದ್ದೇ ಕೊಡಿ,” ಎಂದೆ. ಬೇಕೆಂದೇ ಸ್ವಲ್ಪ ಜೋರಾಗಿ ಹೇಳಿದೆ. ಅಂಗಡಿಯಲ್ಲಿದ್ದ ಉಳಿದವರಿಗೂ ಕೇಳಲಿ ಎಂದು.

ಶನಿವಾರ ಬೆಳಿಗ್ಗೆ ಅವಳು ಹೊಸ ಸಪ್ಲೈ ಕೂರಿಸಿ ಚಿತ್ರ ಶುರು ಮಾಡಿದಳು. ಫ್ಯಾನಿನ ಸದ್ದು ಏರಿತು. ಅಡುಗೆಮನೆ ತುಂಡುತುಂಡಾಗಿ ತೆರೆಯ ಮೇಲೆ ಮೂಡತೊಡಗಿತು. ಮೊದಲೆಲ್ಲ ಸತ್ತುಹೋಗುತ್ತಿದ್ದ ಜಾಗ ಬಂದಾಗ ಅವಳು ಉಸಿರು ಬಿಗಿಹಿಡಿದಳು. ನಾನೂ ಹಿಡಿದೆ. ಅದನ್ನು ದಾಟಿ ಕಪಾಟು ಬಂತು, ಕಿಟಕಿ ಬಂತು, ಸಿಂಕಿನ ಮೇಲೆ ಬೆಳಕೂ ಬಂತು.

ಮಧ್ಯಾಹ್ನ ಆ ಹೆಂಗಸು ಫೋನ್ ಮಾಡಿದರು. “ತುಂಬಾ ಚೆನ್ನಾಗಿದೆ ಕಣಮ್ಮ. ಟೈಲ್ಸ್ ಒಂದು ಹಸಿರು ಹಾಕಿ ನೋಡೋಣ್ವಾ? ಮತ್ತೆ ಮೊದಲಿಂದ ಮಾಡ್ಬೇಕಾಗುತ್ತೇನೋ...”

ಹಿಂದಿನ ವಾರವಾಗಿದ್ದರೆ ಈ ಮಾತಿಗೆ ಅವಳ ಎದೆ ಒಡೆಯುತ್ತಿತ್ತು.

“ಹಾಕೋಣ ಆಂಟಿ,” ಎಂದಳು, ಮೌಸಿನ ಮೇಲೆ ಆಗಲೇ ಕೈಯಿಟ್ಟು. “ಬೂದು ಬಣ್ಣದಲ್ಲೂ ಒಂದು ಮಾಡಿ ಕಳಿಸ್ತೀನಿ. ಎರಡೂ ನೋಡಿ ಹೇಳಿ.”